ದಬ್ಬಳದ ತೂತು

ನವೆಂಬರ್ 17, ಭಾನುವಾರ

ಅಪ್ಪನ ಜೊತೆ ಊಟಕ್ಕೆ ಕೂರಲಿಲ್ಲ. ಇವತ್ತು ತುಮಕೂರಿನ ಏರ್ ರೈಫಲ್ ಸೆಲೆಕ್ಷನ್‌ನಲ್ಲಿ ನಾನೇ ಕೊನೆಯವಳು. ಅಲ್ಲಿನ ಕೋಚ್ ಮೇಡಂ ನನ್ನ ಟಾರ್ಗೆಟ್ ಹಿಡಿದು, "ಹತ್ತೂ ಗುಂಡು ನಾಲ್ಕು ಬೆರಳು ಎಡಕ್ಕೆ, ಒಂದೇ ಜಾಗಕ್ಕೆ ಬಿದ್ದಿವೆ. ಕೈ ಚೆನ್ನಾಗಿದೆ ಕಣಮ್ಮ, ರೈಫಲ್ ಮೇಲಿನ ಗುರಿ ನೋಡೋ ಸೈಟ್ ಸರಿಯಿಲ್ಲ. ಮನೇಲಿ ನೋಡ್ಕೊಳ್ಳಲಿಲ್ವಾ?" ಎಂದರು.

ನೋಡದೆ ಏನು! ಟಾರ್ಗೆಟ್ ಕೊಳ್ಳಲಾಗದೆ ಮೂರು ತಿಂಗಳಿಂದ ತೋಟದ ತೆಂಗಿನಕಾಯಿ ಮಟ್ಟೆ ರಾಶಿಗೆ ಹಳೇ ಲಗ್ನಪತ್ರಿಕೆ ಸಿಕ್ಕಿಸಿ ಹೊಡೆದಿದ್ದೇನೆ. "ನಿಂತ್ ಜಾಗ ಬುಟ್ಟು ಕದಲಬ್ಯಾಡ ಕಣವ್ವ, ನಾನೇ ತತ್ತೀನಿ" ಎಂದು ಪ್ರತಿಸಲವೂ ಅಪ್ಪನೇ ಓಡುತ್ತಿದ್ದ. ಮೊದಲ ದಿನ ಬಿಟ್ಟರೆ, ತಂದ ಪತ್ರಿಕೆಯಲ್ಲೆಲ್ಲ ನಟ್ಟನಡುವೆ ತೂತು.

ಶೆಟ್ಟಿಕೆರೆಯಲ್ಲಿ ಬಸ್ಸಿಳಿದು ಬಂದವಳೇ ಗೋಡೆಗೆ ಅಂಟಿಸಿದ್ದ ಪತ್ರಿಕೆ ಕಿತ್ತು ನೋಡಿದೆ. ಗುಂಡು ಹೊಕ್ಕರೆ ಕಾಗದ ಹಿಂದಕ್ಕೆ ಹರಿಯಬೇಕು. ಇವೆಲ್ಲ ಮುಂದಕ್ಕೆ ಹರಿದಿವೆ. ಹಿಂದಿನಿಂದ ಚುಚ್ಚಿದ್ದು, ಕೊಬ್ಬರಿ ಚೀಲ ಹೊಲಿಯುವ ದಬ್ಬಳದಲ್ಲಿ.

ಕೇಳಿದೆ. ಅಪ್ಪ ತಲೆಯೆತ್ತಲಿಲ್ಲ. "ಮೊದಲ್ನೇ ದಿನ ಒಂದೂ ತೂತಿಲ್ದೆ ನಿನ್ ಮುಖ ಬಾಡೋಗಿತ್ತು ಕಣವ್ವ. ನೋಡಾಕಾಗ್ಲಿಲ್ಲ."

ಬಾಡಿದ್ದರೆ ಬಾಡಲಿ! 'ಎಡಕ್ಕೆ ಹೋಯ್ತು' ಎಂದು ಒಂದು ಸಲ ಅಂದಿದ್ದರೆ ಸೈಟಿನ ಸ್ಕ್ರೂ ಎರಡು ಸುತ್ತು ತಿರುಗಿಸುತ್ತಿದ್ದೆ. ಅಷ್ಟೇ ಕೆಲಸ.

ಮುಸ್ಸಂಜೆಯಲ್ಲಿ ಹೋಗಿ ರಾಶಿ ಕೆದಕಿದೆ. ಪತ್ರಿಕೆ ಸಿಕ್ಕಿಸುತ್ತಿದ್ದ ಜಾಗದ ಎಡಕ್ಕೆ, ಒಂದೇ ಮಟ್ಟೆಯೊಳಗೆ, ಮೂರು ತಿಂಗಳ ಗುಂಡುಗಳೆಲ್ಲ ಒಂದರ ಮೇಲೊಂದು ಕೂತಿವೆ. ನಾನು ಅಷ್ಟು ಚೆನ್ನಾಗಿ ಹೊಡೆಯುತ್ತಿದ್ದೆ. ಅಪ್ಪ ದಿನಾ ಆ ಮಟ್ಟೆಯ ಪಕ್ಕದಲ್ಲೇ ನಿಂತು ದಬ್ಬಳ ತೆಗೆದು ಪತ್ರಿಕೆಗೆ ಚುಚ್ಚುತ್ತಿದ್ದ.