ನಿನ್ನ ನಾಲಿಗೆ ಬೇಡವೆಂದ ಎಣ್ಣೆ

ಹೆನ್ಶಿರ್ ಲಮಿನ್, ಸ್ಫಾಕ್ಸ್ ರಸ್ತೆ
ಡಿಸೆಂಬರ್ ೯, ಸೋಮವಾರ

ನನ್ನ ಕಣ್ಣಿನ ಬೆಳಕು ದುರ್ಸಾಫ್‌ಗೆ,

ನಿನ್ನ ಅಜ್ಜಿ ಮನ್ನೂಬಿಯಾಳ ಸಲಾಮು. ಮೈ ಹುಷಾರಾಗಿದೆಯೇ ಮಗೂ? ಸ್ಪೇನಿನಲ್ಲಿ ಈಗ ಚಳಿ ಹಲ್ಲು ಕಡಿಸುತ್ತದಂತೆ. ನಾನು ನೇಯ್ದ ಉಣ್ಣೆಯ ಶಾಲನ್ನು ಹೊದೆಯುತ್ತೀಯೋ, ಇಲ್ಲ ಅಲ್ಲಿನ ಹುಡುಗಿಯರು ನಗುತ್ತಾರೆಂದು ಪೆಟ್ಟಿಗೆಯಲ್ಲೇ ಮಲಗಿಸಿದ್ದೀಯೋ? ನಿನ್ನಮ್ಮ ಧಾನ್ಯ ಹುರಿದು ಬೀಸಿ ಕಟ್ಟಿಕೊಟ್ಟ ಬ್ಸೀಸಾ ಹಿಟ್ಟು ಮುಗಿದಿರಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಓಡಬೇಡ. ನನ್ನ ಮಂಡಿನೋವು ಎಂದಿನಂತೆ ಇದೆ, ಕೆಮ್ಮು ಬಿಟ್ಟಿದೆ, ಊಟ ಸೇರುತ್ತದೆ. ಸಿಟ್ಟೊಂದು ಮಾತ್ರ ಇಳಿದಿಲ್ಲ.

ಏನು ಸಿಟ್ಟೆಂದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ. ರಸ್ತೆ ಬದಿಯ ತೋಟದ ಈ ವರ್ಷದ ಮೊದಲ ಆಲಿವ್ ಎಣ್ಣೆಯನ್ನು ಊರಿನ ಬೆಳೆಗಾರರ ಸಂಘದವರು ಸ್ಪೇನಿಗೆ ಪರೀಕ್ಷೆಗೆ ಕಳಿಸಿದ್ದರಲ್ಲ, ಪಾಸಾದರೆ ನಮ್ಮೂರಿನ ಹೆಸರು ಹಾಕಿದ ಬಾಟಲಿಯಲ್ಲೇ ಮಾರುವುದೆಂದು? ಅದು ನೀನು ರುಚಿ ನೋಡುವ ಮೇಜಿಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು! ಕಳೆದ ವಾರ ನಿನ್ನಪ್ಪ ಲಸ್ಸಾದ್ ಫೋನು ಕೆಳಗಿಟ್ಟು ಗೋಡೆ ನೋಡುತ್ತ ಕುಳಿತ. ಯಾರಾದರೂ ಸತ್ತರೇನೋ ಎಂದುಕೊಂಡೆ. ಏನಾಯಿತೋ ಎಂದರೆ, "ಎಣ್ಣೆ ಬೇಡ ಅಂದ್ರಂತಮ್ಮಾ. ಕೊಳೆತ ವಾಸನೆ ಇದೆಯಂತೆ" ಎಂದ. ಯಾವ ಮೂಗಿಲ್ಲದವನು ಹಾಗಂದನೆಂದು ನಾನು ಹಾರಾಡಿದೆ. ಆಗ ಅವನು ತಲೆ ತಗ್ಗಿಸಿ, "ನಮ್ಮ ದುರ್ಸಾಫೇ ಅಂದಿದ್ದು. ಬಾಟ್ಲಿ ಮೇಲೆ ಬರೀ ನಂಬರಂತೆ, ಹೆಸರಿಲ್ಲ. ಆದ್ರೂ ಮೊದಲ ಗುಟುಕಿಗೇ ಅಜ್ಜಿ ಎಣ್ಣೇಂತ ಗೊತ್ತಾಯ್ತಂತೆ. ಗೊತ್ತಾಗೇ ಬೇಡ ಅಂದ್ಳಂತಮ್ಮಾ" ಎಂದ.

ಗುರುತು ಸಿಗಲಿಲ್ಲ ಎಂದಿದ್ದರೆ ನನ್ನ ಜೀವ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿತ್ತು. ಗುರುತು ಸಿಕ್ಕಿಯೂ ಬೇಡವೆಂದೆಯಲ್ಲ! ನಿನಗೆ ಹಲ್ಲು ಬರುವ ಮೊದಲೇ ಈ ಎಣ್ಣೆಯನ್ನು ಬೆರಳಲ್ಲಿ ಅದ್ದಿ ನೆಕ್ಕಿಸಿದವಳು ನಾನು. ಅಜ್ಜಿಯ ನಾಲಿಗೆ ಇವಳಿಗೆ ಬಂದಿದೆ ಎಂದೇ ಅಲ್ಲವೇ ಸಂಘದವರು ಇಷ್ಟು ಜನರನ್ನು ಬಿಟ್ಟು ನಿನ್ನನ್ನು ಒಂದು ಸುಗ್ಗಿಯ ಮಟ್ಟಿಗೆ ಅಲ್ಲಿಗೆ ಕೆಲಸಕ್ಕೆ ಕಳಿಸಿದ್ದು? ಹೋದ ಹೊಸತರಲ್ಲಿ ಫೋನು ಮಾಡಿ, ನೀಲಿ ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಮೂಸುತ್ತೇವೆ, ಎಣ್ಣೆಯಲ್ಲಿ ಹಸಿ ಹುಲ್ಲು ಸಿಗುತ್ತದೆ, ಬಾದಾಮಿ ಸಿಗುತ್ತದೆ, ಟೊಮೇಟೊ ಎಲೆ ಸಿಗುತ್ತದೆ ಎನ್ನುತ್ತಿದ್ದೆ. ಟೊಮೇಟೊ ಬೇಕಿದ್ದರೆ ಹಿತ್ತಲಲ್ಲೇ ಇತ್ತಲ್ಲೇ ಎಂದು ನಾನು ನಗುತ್ತಿದ್ದೆ. ಆ ನಗು ನನಗೇ ತಿರುಗಿ ಬಡಿಯಿತು.

ಊರಿನಲ್ಲಿ ಸುದ್ದಿಗೆ ಕಾಲು ಬೇಕೇ? ಪಕ್ಕದ ಮನೆಯ ಶಲ್ಬಿಯಾ ಹಿಟ್ಟು ಕೇಳುವ ನೆಪದಲ್ಲಿ ಬಂದು, "ಏನ್ ಮನ್ನೂಬಿಯಾ, ನಿನ್ ಎಣ್ಣೆ ನಾರುತ್ತಂತೆ? ಪಾಪ, ಮೊಮ್ಮಗಳೇ ಹೇಳಬೇಕಾಯ್ತು ನೋಡು" ಎಂದಳು. ಅವಳ ಮದುವೆಯ ಎಣ್ಣೆಯನ್ನು ನಾನೇ ರುಚಿ ನೋಡಿ ಆರಿಸಿಕೊಟ್ಟಿದ್ದೆ. ಹಿಟ್ಟು ಕೊಟ್ಟು ಕಳಿಸಿದೆ. ಬಾಗಿಲು ಮಾತ್ರ ಸ್ವಲ್ಪ ಜೋರಾಗಿಯೇ ಹಾಕಿದೆ.

ನೀನು ಅಪ್ಪನಿಗೆ ಹೇಳಿದ್ದೂ ತಿಳಿಯಿತು. ಕಾಯಿಯನ್ನು ಕೊಯ್ದ ದಿನವೇ ಅರೆಯಬೇಕು, ನಾವು ವಾರಗಟ್ಟಲೆ ರಾಶಿ ಹಾಕಿ ಬಿಸಿಯೇರಿಸುವುದೇ ತಪ್ಪು ಎಂದೆಯಂತೆ. ದುರ್ಸಾಫ್, ಆ ರಾಶಿಯೆಂದರೆ ನನಗೆ ಏನೆಂದು ಗೊತ್ತೇ? ಚಳಿಗಾಲದಲ್ಲಿ ನನ್ನಮ್ಮ ನಮ್ಮನ್ನೆಲ್ಲ ಕಾಯಿರಾಶಿಯ ಪಕ್ಕ ಮಲಗಿಸುತ್ತಿದ್ದಳು. ಕಾಲನ್ನು ಒಳಗೆ ತೂರಿಸಿದರೆ ಒಲೆಯ ಮುಂದೆ ಕುಳಿತಷ್ಟು ಬೆಚ್ಚಗೆ. ರಾಶಿ ಬೆವರಬೇಕು, ಆಗಲೇ ಕಾಯಿ ಎಣ್ಣೆ ಬಿಡುತ್ತದೆ ಎಂದು ಅವಳು ಹೇಳುತ್ತಿದ್ದಳು. ನಾನೂ ಈ ಊರಿನ ಸೊಸೆಯಂದಿರಿಗೆಲ್ಲ ಅದನ್ನೇ ಕಲಿಸಿದ್ದೇನೆ.

ನಿನ್ನ ಮಾತು ಸುಳ್ಳೆಂದು ತೋರಿಸಲೇಬೇಕೆಂದು ಹಟ ಹುಟ್ಟಿತು. ಅಂಗಳದ ಮರದ ಕಾಯಿಯನ್ನು ಬೆಳಿಗ್ಗೆ ಕೊಯ್ಸಿ, ರಾಶಿ ಹಾಕದೆ ಹಾಗೆಯೇ ಗಾಣಕ್ಕೆ ಹೊರಿಸಿದೆ. ಗಾಣದ ಅಮ್ಮಾರ್ ಚೀಲದೊಳಗೆ ಇಣುಕಿ, "ಅತ್ತೇ, ಇವತ್ತಿನ ಕಾಯಾ? ಎಣ್ಣೆ ಬರೋದಿಲ್ಲ, ಕಣ್ಣೀರು ಬರುತ್ತೆ. ಆಮೇಲೆ ನನ್ನ ಬೈಬಾರ್ದು" ಎಂದ. ಬಂದದ್ದು ಸ್ವಲ್ಪವೇ. ಆದರೆ ಬಣ್ಣ ನೋಡಬೇಕಿತ್ತು, ಹಸಿರೋ ಹಸಿರು. ಮನೆಗೆ ತಂದು, ನಿನ್ನಪ್ಪನ ಕೈಯಲ್ಲಿ ನನ್ನ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡೆ. ಒಂದು ಕಪ್ಪಿನಲ್ಲಿ ಇದು, ಇನ್ನೊಂದರಲ್ಲಿ ನೀನು ಬೇಡವೆಂದ ಎಣ್ಣೆ. ಮೊದಲನೆಯದು ಗಂಟಲಲ್ಲಿ ಮೆಣಸಿನ ಹಾಗೆ ಉರಿದು ಕೆಮ್ಮಿ ಕೆಮ್ಮಿ ಸಾಕಾಯಿತು. ಎರಡನೆಯದು ಮೃದುವಾಗಿ ಇಳಿಯಿತು. "ಇದೇ ನೋಡೋ ಎಣ್ಣೆ! ಬರಿಯೋ ನಿಮ್ಮ ಸ್ಪೇನಿಗೆ!" ಎಂದು ತೊಡೆ ತಟ್ಟಿಕೊಂಡೆ. ಅದು ನಮ್ಮ ರಾಶಿಯದೇ ಆಗಿತ್ತು. ಗೆದ್ದೆನೆಂದು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮರುದಿನದ ಕಥೆ ಕೇಳು. ಎಸೆಯುವುದೇಕೆಂದು ಆ ಹಸಿರು ಎಣ್ಣೆಗೆ ರೊಟ್ಟಿ ಅದ್ದಿ ತಿಂದೆ. ಎರಡನೆಯ ದಿನ ಉರಿ ಅಷ್ಟಾಗಿ ಕಾಡಲಿಲ್ಲ. ಮೂರನೆಯ ದಿನ ಬಾಯಿ ತಾನಾಗಿ ಕೇಳಿತು. ಆಮೇಲೆ ಅಡುಗೆಗೆಂದು ದೊಡ್ಡ ಜಾಡಿಯ ಮುಚ್ಚಳ ತೆಗೆದೆ. ಅಯ್ಯೋ ದೇವರೇ! ಒದ್ದೆ ಗೋಣಿಯ ವಾಸನೆ. ಮುಚ್ಚಿಟ್ಟ ಹಟ್ಟಿಯ ವಾಸನೆ. ಬೆಕ್ಕು ಬಿದ್ದಿದೆಯೇನೋ ಎಂದು ಸೌಟು ಹಾಕಿ ತಡಕಾಡಿದೆ. ಏನೂ ಇರಲಿಲ್ಲ, ಬರೀ ನಮ್ಮ ಎಣ್ಣೆ. ಬೇರೆ ಜಾಡಿ ತೆಗೆದೆ, ಅಲ್ಲೂ ಅದೇ. ಸೌಟು ಹಿಡಿದುಕೊಂಡೇ ಅಲ್ಲೇ ನೆಲದ ಮೇಲೆ ಕುಳಿತೆ. ಹುಟ್ಟಿದಂದಿನಿಂದ ಉಂಡದ್ದು, ಮಕ್ಕಳ ಮೈಗೆ ತಿಕ್ಕಿದ್ದು, ಸತ್ತ ಗಂಡನ ಹೆಸರಿನಲ್ಲಿ ದಾನ ಕೊಟ್ಟದ್ದು ಇದೇ. ಈ ವಾಸನೆ ಅಷ್ಟು ಕಾಲ ನನ್ನ ಮೂಗಿಗೆ ಏಕೆ ಸಿಗಲಿಲ್ಲ? ಈಗ ಏಕೆ ಬಿಟ್ಟು ಹೋಗುತ್ತಿಲ್ಲ? ನನ್ನಮ್ಮನ ಮನೆಯ ರುಚಿಯನ್ನೇ ನನ್ನ ಬಾಯಿಂದ ಕಿತ್ತುಕೊಂಡೆಯಲ್ಲೇ ಹುಡುಗಿ. ಅವತ್ತು ನಾನು ಅತ್ತೆ. ಲಸ್ಸಾದ್ ಕೇಳಿದ್ದಕ್ಕೆ ಈರುಳ್ಳಿ ಎಂದೆ.

ಈಗ ಇನ್ನೊಂದು ಮಾತು. ತಿಂಗಳ ಕೊನೆಗೆ ಅಲ್ಲಿನ ಕೆಲಸ ಮುಗಿದರೂ ನೀನು ಬರುವುದಿಲ್ಲವಂತೆ. ನಿನ್ನ ನಾಲಿಗೆ ಮೆಚ್ಚಿ ಅವರು ಕಾಯಂ ಮಾಡಿಕೊಳ್ಳುತ್ತೇವೆ ಎಂದಿದ್ದಾರಂತೆ. ಸಂತೋಷ, ನನ್ನ ರಕ್ತವಲ್ಲವೇ, ಮೆಚ್ಚದೆ ಏನು. ಆದರೆ ಅಜ್ಜಿಗೆ ಯಾವ ಮುಖ ತೋರಿಸಲಿ ಎಂದು ಅತ್ತೆಯಂತಲ್ಲ, ಅದನ್ನು ಕೇಳಿ ಮತ್ತೊಮ್ಮೆ ದಿಗ್ಭ್ರಮೆಯಾಯಿತು. ನನಗೆ ಹೆದರಿ ನೀನು ಸಮುದ್ರದ ಆಚೆ ಉಳಿಯುವಷ್ಟು ನಾನು ದೊಡ್ಡ ರಾಕ್ಷಸಿಯೇ? ಸಿಟ್ಟು ಇದೆ, ಇಲ್ಲವೆನ್ನುವುದಿಲ್ಲ. ಬಂದರೆ ಬೈಯುತ್ತೇನೆ, ಜಡೆ ಹಿಡಿದು ಎಳೆದರೂ ಎಳೆದೆ. ಹೆಸರಿಲ್ಲದ ಬಾಟಲಿಯಲ್ಲಿ ಅಜ್ಜಿಯನ್ನು ಗುರುತಿಸಿಯೂ ಸುಳ್ಳು ಬರೆಯದವಳನ್ನು ಬೈದಾದ ಮೇಲೆ ಏನು ಮಾಡಬೇಕೋ ನನಗೆ ತಿಳಿಯದು.

ದೇವರು ನಿನ್ನ ದಾರಿಯನ್ನು ಹಸನಾಗಿಡಲಿ, ಒಳ್ಳೆಯವರ ನಡುವೆ ಇರಿಸಲಿ. ನಿನ್ನ ಬಾಸ್ ಹೆಂಗಸಿಗೆ ಈ ಮುದುಕಿಯ ಸಲಾಮು ಹೇಳು. ಅಪ್ಪ ಅಮ್ಮ ಮುತ್ತು ಕಳಿಸಿದ್ದಾರೆ.

ಇನ್ನೂ ಸಿಟ್ಟಿನಲ್ಲೇ ಇರುವ
ನಿನ್ನ ಅಜ್ಜಿ ಮನ್ನೂಬಿಯಾ

ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಬಾವಿ ಹಿಂದಿನ ದೊಡ್ಡ ತೋಟಕ್ಕೆ ಇನ್ನೂ ಯಾರನ್ನೂ ಇಳಿಸಿಲ್ಲ. ಕೊಯ್ಲಿಗೆ ನಾನು ಹೂಂ ಅನ್ನುವವರೆಗೆ ಊರಲ್ಲಿ ಯಾರೂ ಏಣಿ ಹಾಕುವುದಿಲ್ಲವೆಂದು ನಿನಗೆ ಗೊತ್ತಲ್ಲ. ಕಾಯಿ ಕಪ್ಪಾಗುತ್ತಿದೆ, ಹಕ್ಕಿಗಳು ಗುಂಪು ಗುಂಪಾಗಿ ಎರಗುತ್ತಿವೆ, ನಿನ್ನಪ್ಪ ನನ್ನ ಮೇಲೆ ಕೂಗಾಡುತ್ತಿದ್ದಾನೆ. ಕೊಯ್ಯುವ ಹೆಂಗಸರು ಬೆಳಿಗ್ಗೆ ಅಂಗಳಕ್ಕೆ ಬಂದು ಯಾವತ್ತು ಎಂದು ಕೇಳಿದರು. "ಹೇಳೋಳು ಇನ್ನೂ ಊರಿಗೆ ಬಂದಿಲ್ಲ" ಎಂದೆ. ಶಲ್ಬಿಯಾ ಎದುರಿಗೇ ಇದ್ದಳು. ಅವಳಿಗೆ ಕೇಳಲೆಂದು ಇನ್ನೊಂದು ಸಲ ಹೇಳಿದೆ.