ಕೆಂಪು ಬಣ್ಣದೊಳಗಿನ ಮನೆ

ಏಪ್ರಿಲ್ ೧೯, ಓಶ್ ನಗರ

ಮಾವ ಇವತ್ತು ನನ್ನನ್ನು ಮನೆಯೊಳಗೆ ಕರೆಯಲಿಲ್ಲ. ಅದೊಂದು ಕೊರೆಯುತ್ತಲೇ ಇದೆ.

ಗುಡ್ಡ ಕುಸಿಯಬಹುದಾದ ಜಾಗಗಳ ನಕ್ಷೆಯನ್ನು ಅವರ ಊರಿಗೆ ಒಯ್ದು ಶಾಲೆಯ ಗೋಡೆಗೆ ಅಂಟಿಸಿದ್ದೆ. ಅಪಾಯವಿದ್ದಲ್ಲೆಲ್ಲ ಕೆಂಪು ಬಣ್ಣ. ನಾನೇ ಬರೆದ ನಕ್ಷೆ. ಆ ಕೆಂಪಿನ ನಡುವೆಯೇ ಎರ್ಮೆಕ್ ಮಾವನ ಮನೆ, ಅಮ್ಮನ ತವರು.

"ಏನೇ ಸಾಯ್ಕಲ್, ಬಣ್ಣ ಚೆಲ್ಲೋಕೆ ನನ್ನ ಮನೇನೇ ಬೇಕಿತ್ತಾ? ಒಂದು ಬೆರಳು ಆಚೆ ಸರಿಸು," ಎಂದರು ಮಾವ ನನಗೆ.

"ಗುಡ್ಡದ ನೆತ್ತಿ ಬಿರುಕು ಬಿಟ್ಟಿದೆ ಮಾವ, ನಾನೇ ನೋಡಿ ಬಂದೆ."

"ನಮ್ಮಪ್ಪನ ಕಾಲದಿಂದ್ಲೂ ಬಿಟ್ಟಿದೆ!"

ಸೇರಿದ್ದ ಜನ ನಕ್ಕರು. ಗುಲಾಯಿಮ್ ಅತ್ತೆ ಮಾತ್ರ ನಗದೆ, "ನಮ್ಮ ಕುರಿಗಳೂ ಕೆಂಪಲ್ಲೇ ಇವೆಯಾ?" ಎಂದು ಕೇಳಿದರು.

ನಾನು ವಾಪಸ್ ಓಶ್‌ಗೆ ಬಂದು ಬಸ್ ಇಳಿಯುವಾಗ ಮಳೆ ಜೋರಾಗಿತ್ತು. ಸಂಜೆ ಅತ್ತೆಯ ಫೋನು ಬಂತು. "ಗುಡ್ಡ ಗುಡುಗುಡು ಅಂತಿದೆ ಕಣೇ. ನಾವು ಕುರಿ ಹೊಡ್ಕೊಂಡು ಶಾಲೆಗೆ ಬಂದ್ವಿ. ನಿಮ್ಮಾವ ಬಾಗಿಲಲ್ಲೇ ಕೂತಿದ್ದಾರೆ. ಆ ಹುಡುಗಿ ನಕ್ಷೆ ಸುಳ್ಳು ಮಾಡ್ತೀನಿ ಅಂತಾರೆ."

ಮಾವನಿಗೆ ಫೋನ್ ಮಾಡಿದೆ. "ನಕ್ಷೆ ಸುಳ್ಳೇ ಆಗ್ಲಿ ಮಾವ. ಊರವರ ಮುಂದೆ ನನ್ನ ಬೈಯೋಕಾದ್ರೂ ಶಾಲೆಗೆ ಹೋಗಿ." ಅವರು ಫೋನ್ ಇಟ್ಟುಬಿಟ್ಟರು.

ಆಮೇಲೆ ಅತ್ತೆ ಮತ್ತೆ ಫೋನ್ ಮಾಡಿ ಹೇಳಿದರು: "ಬಂದ್ರು. ಬೈಕೊಂಡೇ ಬಂದ್ರು. ಅವರ ಬೆನ್ನ ಹಿಂದೇನೇ ಮನೆ ಮಣ್ಣಾಗೋಯ್ತು."

ಮಾವ ಬದುಕಿದ್ದಾರೆ. ಸಮಾಧಾನವಾಗಬೇಕಿತ್ತು. ನಾಳೆ ಅವರ ಮುಂದೆ ಹೋಗಿ ನಿಲ್ಲಬೇಕು. ಹೇಳಿರಲಿಲ್ಲವೇ ಎಂಬುದು ನನ್ನ ಮುಖದಲ್ಲಿ ಕಾಣಬಾರದು. ನಕ್ಷೆ ತಪ್ಪಾಗಿದ್ದರೆ ಇವತ್ತು ನಾನು ಎಷ್ಟು ನೆಮ್ಮದಿಯಾಗಿ ಮಲಗುತ್ತಿದ್ದೆ.