ಲೆಕ್ಕಕ್ಕೆ ಬಾರದ ನಾಲ್ಕು ಹಂದಿಗಳು

ಪ್ರಯೋಗಾಲಯದ ಹಂದಿಮನೆ,
ಮಾರ್ಚ್ ಹನ್ನೊಂದು, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ಅತ್ತಿಗೆಯ ಕೆಮ್ಮು ನಿಂತಿತೆ? ಇಷ್ಟು ಕೇಳುವುದು ತಂಗಿಯ ಧರ್ಮ, ಕೇಳಿದ್ದೇನೆ. ಇನ್ನು ಬೈಯುವುದಿದೆ, ಕುರ್ಚಿ ಎಳೆದುಕೊಂಡು ಕೂತು ಓದು. ಫೋನು ಮಾಡಿದರೆ 'ಮೀಟಿಂಗಿದೆ ಪುಟ್ಟಿ, ಆಮೇಲೆ ಮಾಡ್ತೀನಿ' ಅನ್ನುತ್ತೀಯ. ಮೂರು ಸಲ ಅಂದಿದ್ದೀಯ. ಅದಕ್ಕೇ ಈ ಕಾಗದ ಕೊರಿಯರಿನಲ್ಲಿ ಬರುತ್ತಿದೆ.

ಅಪ್ಪ ಚೆನ್ನಾಗಿದ್ದಾರೆ, ಅಂದರೆ ಚೆನ್ನಾಗಿದ್ದೇನೆ ಅನ್ನುತ್ತಾರೆ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆದಮೇಲೆ ಎದೆಬಡಿತ ಆಗಾಗ ತಾಳ ತಪ್ಪುತ್ತದೆ. ಮೆಟ್ಟಿಲ ನಡುವೆ ನಿಂತು, ಬಸ್ಸು ಓಡಿಸುತ್ತಿದ್ದ ಕಾಲದ ಹಾಗೆ 'ಒಂದ್ನಿಮಿಷ, ಸಿಗ್ನಲ್ ಬಿದ್ದಿದೆ' ಎಂದು ತಮಾಷೆ ಮಾಡುತ್ತಾರೆ. ಹಾರ್ಟ್ ಅಟ್ಯಾಕಿನಲ್ಲಿ ಹೃದಯ ಕಾಯಲೆಂದು ನೀನು ಮಾಡಿದ ಹೊಸ ಔಷಧಿಯನ್ನು ಮನುಷ್ಯರಿಗೆ ಕೊಟ್ಟು ನೋಡಲು ಇಲ್ಲಿಯ ಆಸ್ಪತ್ರೆಯಲ್ಲೂ ಹೆಸರು ಬರೆದುಕೊಳ್ಳುತ್ತಿದ್ದಾರಲ್ಲ, ಮೊದಲ ದಿನವೇ ಹೋಗಿ ಬರೆಸಿ ಬಂದರು. ಬರುವ ಸೋಮವಾರ ಮೊದಲ ಡೋಸು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನೀನಂತೂ ಡಾಕ್ಟರು, ಕೇಳಬೇಕೆ! ಅಚ್ಚಾದ ನಿನ್ನ ಲೇಖನಕ್ಕೆ ಪ್ಲಾಸ್ಟಿಕ್ ಹೊದಿಸಿ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ನನ್ನನ್ನು ಕೂರಿಸಿಕೊಂಡು 'ಸಾಲುಸಾಲಾಗಿ ಅರ್ಥ ಹೇಳಮ್ಮಾ' ಅಂದರು. ಹೇಳುತ್ತಾ ಹೋದವಳು 'ಹದಿನಾರು ಹಂದಿಗಳಲ್ಲಿ ಹೃದಯಾಘಾತ ಉಂಟುಮಾಡಿ ನೋಡಲಾಯಿತು' ಎಂಬಲ್ಲಿಗೆ ಬಂದು ನಿಂತೆ.

ಹದಿನಾರೇನೋ? ಇಪ್ಪತ್ತಲ್ಲವೇನೋ?

ಇಪ್ಪತ್ತಕ್ಕೂ ಮೈ ತೊಳೆದವಳು ನಾನು. ಇಲ್ಲಿಯ ಪದ್ಧತಿ ನಿನಗೆ ಗೊತ್ತು: ಹಂದಿ ಹೋದರೆ ಕಿವಿಯ ನಂಬರಿನ ಬಿಲ್ಲೆ ಕತ್ತರಿಸಿ, ನನ್ನ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಹೊತ್ತು ಬರೆಯಬೇಕು. ಕೊನೆಗೆ ಹೃದಯ ಕೊಯ್ದು ನೋಡಲು ಉಳಿದವನ್ನೂ ಕೊಲ್ಲುತ್ತೀರಲ್ಲ, ಹಾಗಾಗಿ ಈ ಪರೀಕ್ಷೆಯ ಪುಟಗಳಲ್ಲಿ ಇಪ್ಪತ್ತು ಬಿಲ್ಲೆಗಳಿವೆ. ಬಲೂನು ಊದಿ ಹೃದಯದ ರಕ್ತನಾಳ ಮುಚ್ಚಿದ ಹತ್ತು ನಿಮಿಷದೊಳಗೆ ನಾಲ್ಕು ಸತ್ತಿವೆ, ನಾಲ್ಕೂ ನಿನ್ನ ಔಷಧಿ ಪಡೆದವು. ಔಷಧಿ ಕೊಡದ ಹತ್ತರಲ್ಲಿ ಒಂದೂ ಹಾಗೆ ಸಾಯಲಿಲ್ಲ. ಆ ನಾಲ್ಕರಲ್ಲಿ, ದಿನಾ ಬಕೆಟ್ ಮಗುಚುತ್ತಿದ್ದ ಬಕೆಟ್ ರಾಣಿಗೆ ಏಳು ಸಲ ಶಾಕ್ ಕೊಟ್ಟರೂ ಬಡಿತ ದಾರಿಗೆ ಬರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ನೀನು ನನ್ನ ಪಕ್ಕದಲ್ಲೇ ಇದ್ದೆ.

ಲೇಖನದ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ಬಲೂನಿನ ತೊಂದರೆಯಿಂದ ಮೊದಲ ಹತ್ತು ನಿಮಿಷದಲ್ಲಿ ಸತ್ತವನ್ನು ಕೈಬಿಡಲಾಗಿದೆ' ಎಂದು ಬರೆದಿದ್ದೀಯ. ನನ್ನ ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಪ್ರತಿ ಸಲವೂ ಎಕ್ಸ್‌ರೇ ಪರದೆ ನೋಡಿ 'ಬಲೂನು ಸರಿಯಾಗಿ ಕೂತಿದೆ' ಎಂದವನು ನೀನೇ. ಎದೆ ಮುಟ್ಟಿಕೊಂಡು ಹೇಳು, ಬಲೂನು ಕೆಟ್ಟಿತ್ತೇ?

ಹಂದಿ ಸತ್ತಿತೆಂದು ಅಳುತ್ತಿದ್ದೇನೆ ಅಂದುಕೊಳ್ಳಬೇಡ. ಹಂದಿಯ ಹೃದಯ ನಮ್ಮದರಷ್ಟೇ ದೊಡ್ಡದು, ನಮ್ಮದರ ಹಾಗೆಯೇ ಕೆಡುತ್ತದೆ, ಇಲಿಯಲ್ಲಿ ತಿಳಿಯದ್ದು ಇದರಲ್ಲಿ ತಿಳಿಯುತ್ತದೆ ಎಂದು ಹೇಳಿ ನೀನೇ ನನ್ನನ್ನು ಈ ಕೆಲಸಕ್ಕೆ ಸೇರಿಸಿದೆ. ನಂಬಿದೆ. ಒಂಬತ್ತು ವರ್ಷ ಅವುಗಳ ಬೆನ್ನು ತುರಿಸಿದ್ದೇನೆ, ಅರಿವಳಿಕೆಯ ಸೂಜಿ ಚುಚ್ಚುವಾಗ ತಲೆ ಹಿಡಿದುಕೊಂಡು ನಿಂತಿದ್ದೇನೆ. ಆದರೆ ಸತ್ತದ್ದನ್ನು ಸತ್ತಿತು ಎಂದು ಬರೆಯದಿದ್ದರೆ ಅದು ಸತ್ತದ್ದು ಯಾರ ಉದ್ಧಾರಕ್ಕೆ? 'ಈ ಔಷಧಿ ಕೆಲವರ ಬಡಿತವನ್ನು ಇನ್ನಷ್ಟು ಕೆಡಿಸಬಹುದು' ಎಂದು ಆ ನಾಲ್ಕು ಪ್ರಾಣಿಗಳು ಪ್ರಾಣ ಕೊಟ್ಟು ಹೇಳಿದವು. ನೀನು ಕಿವಿ ಮುಚ್ಚಿಕೊಂಡೆ.

ಅಪ್ಪನಿಗಾಗಿಯೇ ಈ ಔಷಧಿ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತವನು ನೀನು. ಅದು ನಾಟಕವಲ್ಲ, ನನಗೆ ಗೊತ್ತು. ಅದಕ್ಕೇ ನನ್ನ ಸಿಟ್ಟು ಇಮ್ಮಡಿಯಾಗಿರುವುದು. ಕಳ್ಳನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ, ನೀನು ನನ್ನ ಅಣ್ಣ. ಶುಕ್ರವಾರ ಬೆಳಿಗ್ಗೆ ಬಿಲ್ಲೆಪುಸ್ತಕವನ್ನು ಮನುಷ್ಯರ ಮೇಲಿನ ಪರೀಕ್ಷೆಗೆ ಒಪ್ಪಿಗೆ ಕೊಟ್ಟ ಸಮಿತಿಯ ಮುಂದೆ ಇಡುತ್ತೇನೆ. ಅಷ್ಟರೊಳಗೆ ನೀನೇ ಹೇಳಿದರೆ ನಿನ್ನ ಹೆಸರು ಕೆಡುತ್ತದೆ, ನಿಜ. ಕೆಡಲಿ. ಹೆಸರು ಹೋದರೂ ಮನುಷ್ಯ ಬದುಕುತ್ತಾನೆ.

ಅತ್ತಿಗೆಗೆ ನನ್ನ ನಮಸ್ಕಾರ. ಬಿಸಿನೀರು ಕುಡಿಯಲು ಹೇಳು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ಸಿಟ್ಟಿನಲ್ಲೂ ನಿನ್ನವಳೇ ಆದ,
ಬಾಯಿಬಡುಕಿ ಪುಟ್ಟಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, 'ಅವನು ಕೊಟ್ರೆ ವಿಷಾನೂ ಕುಡೀತೀನಿ, ನೀನು ಸುಮ್ನಿರು' ಅಂದರು. ಒಪ್ಪಿಗೆಪತ್ರದಲ್ಲಿ ಮನೆಯವರೊಬ್ಬರ ಸಹಿ ಬೇಕಂತೆ. ನಾನು ಹಾಕುವುದಿಲ್ಲ. ನಾಳಿದ್ದು ಗುರುವಾರ ನೀನೇ ಬಾ. ಅಪ್ಪನ ಎದುರು ಕೂತು, ಅವರ ಮುಖ ನೋಡುತ್ತಾ ಸಹಿ ಹಾಕು. ಕೈ ಬಾರದಿದ್ದರೆ, ಉಳಿದವರ ಒಪ್ಪಿಗೆಪತ್ರಗಳನ್ನೂ ವಾಪಸು ತರಿಸು. ಅವರೂ ಯಾರದೋ ಅಪ್ಪಂದಿರೇ.